ಎಸ್‌ಎಸ್‌ಎಚ್‌ನಲ್ಲಿ ಆಜ್ಞೆ ಕಳಿಸಿದರೆ ನನ್ನ ಪಾತ್ ಏಕೆ ಸಿಗುವುದಿಲ್ಲ?

ನೀವು ಕೇಳಿರುವುದು ಇದು: ಉಬುಂಟು ಸರ್ವರ್‌ಗೆ ಲಾಗಿನ್ ಆದರೆ ಜಾವಾ ಓಡುತ್ತದೆ. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ಸಾಧನ) ಸಾಲಿನಲ್ಲೇ ಆಜ್ಞೆ ಸೇರಿಸಿ ಕಳಿಸಿದರೆ ‘ಕಮಾಂಡ್ ನಾಟ್ ಫೌಂಡ್’. ಪಾತ್ ಅನ್ನು, ಅಂದರೆ ಆಜ್ಞೆಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿಯನ್ನು, ಪ್ರೊಫೈಲ್ ಕಡತದಲ್ಲಿ ಬರೆದಿದ್ದೀರಿ.

ನೀವು ಬರೆದ ಸಾಲು ಸರಿಯಾಗಿದೆ, ಆದರೆ ಆ ಹೊತ್ತಿನಲ್ಲಿ ಅದನ್ನು ಓದುವವರೇ ಇಲ್ಲ. ಬ್ಯಾಶ್ ಎಂಬ ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ಪ್ರೊಫೈಲ್ ಕಡತವನ್ನು ತೆರೆಯುವುದು ಲಾಗಿನ್ ಶೆಲ್ ಆಗಿ ಎದ್ದಾಗ ಮಾತ್ರ. ಆಜ್ಞೆಯನ್ನಷ್ಟೇ ಕಳಿಸಿದಾಗ ಅದು ಲಾಗಿನ್ ಶೆಲ್ ಆಗಿರುವುದಿಲ್ಲ. ಆಗ ಅದು ಬ್ಯಾಶ್‌ಆರ್‌ಸಿ ಎಂಬ ಇನ್ನೊಂದು ಕಡತವನ್ನು ಓದುತ್ತದೆ.

ಹಾಗಾದರೆ ಅಲ್ಲಿಗೆ ಸಾಗಿಸಿದರೆ ಆಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ರಾಜಾಜಿನಗರದ ಮನೆಯಲ್ಲಿ ಕುಳಿತು ಬ್ಯಾಕಪ್ ಸ್ಕ್ರಿಪ್ಟ್ ಓಡಿಸಲು ಒಂದು ರಾತ್ರಿಯೆಲ್ಲ ಹೆಣಗಿದೆ. ಪಾತ್ ಹೊಂದಿಸುವ ಎಕ್ಸ್‌ಪೋರ್ಟ್ ಸಾಲನ್ನು ಬ್ಯಾಶ್‌ಆರ್‌ಸಿಯ ಕೊನೆಗೆ ಸೇರಿಸಿದ್ದೆ, ಫಲ ಸೊನ್ನೆ. ಬೆಳಿಗ್ಗೆ ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: “ಆ ಕಡತದ ಮೊದಲ ಹತ್ತು ಸಾಲು ಓದಿದ್ದೀರೇನ್ರೀ?” ಓದಿರಲಿಲ್ಲ. ಉಬುಂಟು ಕೊಡುವ ಬ್ಯಾಶ್‌ಆರ್‌ಸಿಯ ತಲೆಯಲ್ಲೇ ಒಂದು ಕಾವಲು ಇದೆ: ಕೀಲಿಮಣೆಯ ಮುಂದೆ ಮನುಷ್ಯ ಕುಳಿತಿರುವ ಶೆಲ್ ಅಲ್ಲದಿದ್ದರೆ ಅಲ್ಲಿಂದಲೇ ವಾಪಸ್. ಅದರ ಕೆಳಗೆ ಏನು ಬರೆದರೂ ಕಳಿಸಿದ ಆಜ್ಞೆಗೆ ತಲುಪುವುದಿಲ್ಲ. ಆದ್ದರಿಂದ ನಿಮ್ಮ ಎಕ್ಸ್‌ಪೋರ್ಟ್ ಸಾಲುಗಳನ್ನು ಆ ಕಾವಲಿನ ಮೇಲೆ ಬರೆಯಿರಿ. ಪಠ್ಯ ಮುದ್ರಿಸುವ ಎಕೋ ಆಜ್ಞೆ ಮಾತ್ರ ಅಲ್ಲಿ ಬೇಡ. ಒಂದು ‘ನಮಸ್ಕಾರ’ ಮುದ್ರಿಸಿದರೂ ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೂಲಕ ಕಡತ ಸಾಗಿಸುವ ವಿಧಾನ) ಕೆಡುತ್ತದೆ. ನಿಮ್ಮ ಶೆಲ್ ಬ್ಯಾಶ್ ಬದಲು ಝಡ್‌ಶೆಲ್ ಆಗಿದ್ದರೆ ಈ ರಗಳೆಯೇ ಇಲ್ಲ, ಪಾತ್ ಅನ್ನು ಝಡ್‌ಎಸ್‌ಎಚ್‌ಎನ್ವ್ ಕಡತದಲ್ಲಿ ಬರೆಯಿರಿ, ಅದನ್ನು ಆ ಶೆಲ್ ಪ್ರತಿ ಸಲವೂ ಓದುತ್ತದೆ.

ಪರೀಕ್ಷಿಸುವಾಗ ಒಂದು ಎಚ್ಚರಿಕೆ. ಡಾಲರ್ ಚಿಹ್ನೆಯೊಡನೆ ಪಾತ್ ಬರೆದು ಎಕೋ ಕಳಿಸುತ್ತೀರಲ್ಲ, ಅದನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ. ಜೋಡಿ ಚಿಹ್ನೆ ಹಾಕಿದರೆ ನಿಮ್ಮ ಲ್ಯಾಪ್‌ಟಾಪಿನ ಶೆಲ್ಲೇ ಮೊದಲು ಅದನ್ನು ಬಿಡಿಸಿ, ತನ್ನದೇ ಪಾತ್ ಅನ್ನು ಸರ್ವರ್‌ಗೆ ಕಳಿಸುತ್ತದೆ. ಅಲ್ಲಿಂದ ಮರಳಿ ಬರುವುದೂ ಅದೇ. ಸರ್ವರ್ ಸರಿಹೋಯಿತು ಎಂದು ನಂಬಿ ಮಲಗುತ್ತೀರಿ.

ಲ್ಯಾಪ್‌ಟಾಪಿನಿಂದಲೇ ಚರಾಂಶ (ಪಾತ್‌ನಂತೆ ಹೆಸರಿಟ್ಟ ಮೌಲ್ಯ) ಕಳಿಸುವ ದಾರಿಯೂ ಇದೆ: ಎಸ್‌ಎಸ್‌ಎಚ್ ಸಂಯೋಜನೆಯಲ್ಲಿ ಈಚೆ ಸೆಂಡ್‌ಎನ್ವ್, ಸರ್ವರಿನಲ್ಲಿ ಆಕ್ಸೆಪ್ಟ್‌ಎನ್ವ್. ಎರಡೂ ಕಡೆ ಆ ಚರಾಂಶದ ಹೆಸರು ಇರಬೇಕು. ಉಬುಂಟುವಿನಲ್ಲಿ ಭಾಷೆಯನ್ನು ತಿಳಿಸುವ ಲ್ಯಾಂಗ್ ಚರಾಂಶ ಮೊದಲೇ ಎರಡೂ ಕಡೆ ಇರುತ್ತದೆ. ನನ್ನ ಹಾಗೆ ಯಂತ್ರವನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಇದು ಮುಖ್ಯ: ಸರ್ವರಿನಲ್ಲಿ ಕನ್ನಡ ಲೊಕೇಲ್ (ಭಾಷೆ-ಪ್ರದೇಶದ ಸಂಯೋಜನೆ) ಇಲ್ಲದಿದ್ದರೆ ಪರ್ಲ್ ಭಾಷೆಯ ಪ್ರೋಗ್ರಾಂ ಓಡಿದ ಪ್ರತಿ ಬಾರಿಯೂ ಎಚ್ಚರಿಕೆ ಉಗುಳುತ್ತದೆ. ಇಂಗ್ಲಿಷಿಗೆ ಬದಲಿಸಿಬಿಡಿ ಎಂದು ಹಲವರು ಹೇಳುತ್ತಾರೆ. ಬದಲಿಸಬೇಡಿ. ನಿರ್ವಾಹಕರನ್ನು ಕೇಳಿ ಸರ್ವರಿನಲ್ಲಿ ಕನ್ನಡ ಲೊಕೇಲ್ ಹಾಕಿಸಿಕೊಳ್ಳಿ; ಲೊಕೇಲ್-ಜೆನ್‌ನ ಒಂದೇ ಆಜ್ಞೆಯ ಕೆಲಸ ಅದು.