ಹತ್ತು ಜನರ ಹುಲ್ಲುಕಡ್ಡಿ, ಒಬ್ಬರ ತಲೆಹೊರೆ

ಓದುಗರ ಪತ್ರ: ನಮ್ಮ ಅಜ್ಜ ಕಟ್ಟಿದ ಒಂದು ಸಣ್ಣ ಟ್ರಸ್ಟಿನ ಕಾರ್ಯದರ್ಶಿ ನಾನು. ನಮ್ಮ ಹಾಗೆಯೇ ಸಂಘ ಸಂಸ್ಥೆಗಳಿಗೆ ನೆರವು ಕೊಡುವ ಟ್ರಸ್ಟುಗಳು ನಮ್ಮಲ್ಲಿ ಇನ್ನೂ ನಾಲ್ಕಿವೆ. ಎಲ್ಲರ ಹಣ ಒಟ್ಟು ಹಾಕಿ ಒಂದೇ ನಿಧಿ ಮಾಡೋಣ ಎಂದು ಹೊರಟೆವು. ಮೂರು ಸಭೆ ಚೆನ್ನಾಗಿ ನಡೆದವು. ನಾಲ್ಕನೆಯದರಲ್ಲಿ ನಿಧಿಗೆ ಯಾರ ಹೆಸರು ಇಡುವುದು ಎಂಬ ಮಾತು ಬಂತು. ಇಬ್ಬರು ಎದ್ದು ಹೋದರು. ದೊಡ್ಡ ಟ್ರಸ್ಟಿನ ಜೊತೆ ಸೇರಿದರೆ ನಾವು ಬರೀ ಬಾಲ ಆಗಿಬಿಡುತ್ತೇವೆ ಎಂಬ ಭಯ ನನಗೂ ಇದೆ. ಅವರವರ ದುಡ್ಡು ಅವರವರು ಕೊಟ್ಟರೆ ಏನು ತಪ್ಪು? ಕೈಜೋಡಿಸುವ ಮಾತೆಲ್ಲ ಸುಮ್ನೆ ಫ್ಯಾಶನ್ ಅಲ್ವಾ? (ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ. ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಬರೆಯೋಣ ಎಂದು ಕೂತೆ, ಆಗಲಿಲ್ಲ. ಹಾಗಾಗಿ ಈ ಸಲ ಬೇರೆ ಪತ್ರಗಳಿಗೆ ಜಾಗ ಇಲ್ಲ. ಅವರು ಕ್ಷಮಿಸಬೇಕು.

ನೀವೆಲ್ಲ ಶುರು ಮಾಡಿದ್ದು ಕೊನೆಯ ಮೆಟ್ಟಿಲಿನಿಂದ. ಹಣ ಒಟ್ಟು ಹಾಕುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಮುಂಚೆ ಮಾಡಬಹುದಾದ ಸುಲಭದ ಕೆಲಸಗಳು ಎಷ್ಟೋ ಇವೆ. ಅವುಗಳಲ್ಲಿ ಒಂದನ್ನೂ ಮಾಡದೆ ನಿಧಿಯ ಹೆಸರಿಗೆ ಜಗಳ ಆಡಿದ್ದೀರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಬೈಯುತ್ತಿಲ್ಲ, ಬಹಳ ಜನ ಮಾಡುವ ತಪ್ಪು ಇದು.

ಕೈಜೋಡಿಸುವುದು ಯಾಕೆ ಬೇಕು ಎಂಬುದಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ. ಪತ್ರಿಕೆಗೆ ಬರುವ ಮುಂಚೆ ಎರಡು ವರ್ಷ, ಮಕ್ಕಳಿಗೆ ಸಂಜೆ ಪಾಠ ಹೇಳುವ ಒಂದು ಸಣ್ಣ ಸಂಸ್ಥೆಯ ಲೆಕ್ಕ ಬರೆಯುತ್ತಿದ್ದೆ. ನಾಲ್ಕು ಕಡೆಯಿಂದ ನೆರವು ಬರುತ್ತಿತ್ತು. ಮಕ್ಕಳು ಅರವತ್ತೆರಡು. ವರ್ಷದ ಕೊನೆಗೆ ಒಬ್ಬ ದಾನಿಗೆ ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಕೊಡಬೇಕು. ಇನ್ನೊಬ್ಬರಿಗೆ ತರಗತಿ ಪ್ರಕಾರ. ಮೂರನೆಯವರಿಗೆ ಮಕ್ಕಳ ಲೆಕ್ಕ ಬೇಡ, ಕುಟುಂಬಗಳ ಲೆಕ್ಕ ಬೇಕು. ನಾಲ್ಕನೆಯವರಿಗೆ ಯಾವ ಮಗು ಎಷ್ಟು ದಿನ ಬಂತು ಎಂಬ ಹಾಜರಿ. ಅದೇ ಅರವತ್ತೆರಡು ಮಕ್ಕಳು ನಾಲ್ಕು ಫಾರ್ಮಿನಲ್ಲಿ ನಾಲ್ಕು ಬೇರೆ ಸಂಖ್ಯೆ ಆಗುತ್ತಿದ್ದರು.

ಅದಾದರೂ ಸರಿ. ಬೆಂಚಿನ ಬಿಲ್ಲಿನ ಕಥೆ ಕೇಳಿ. ಹತ್ತು ಬೆಂಚು ಮಾಡಿಸಿದೆವು. ಅರ್ಧ ಹಣ ಒಬ್ಬರದು, ಅರ್ಧ ಇನ್ನೊಬ್ಬರದು. ಇಬ್ಬರಿಗೂ ಅಸಲು ಬಿಲ್ಲೇ ಬೇಕು, ನಕಲು ನಡೆಯುವುದಿಲ್ಲ. ಇದ್ದದ್ದು ಒಂದೇ ಬಿಲ್ಲು. ನಮ್ಮ ಸಂಸ್ಥೆ ನಡೆಸುತ್ತಿದ್ದ ಟೀಚರಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮೊದಲನೆಯ ಕಚೇರಿಗೆ ಹೋದರು. ಅಲ್ಲಿ ಬಿಟ್ಟು ಬನ್ನಿ ಎಂದರು. ಆರು ದಿನ ಆದ ಮೇಲೆ ಸೀಲು ಬಿತ್ತು. ಬಿಲ್ಲು ವಾಪಸ್ ತಂದು ಎರಡನೆಯ ಕಚೇರಿಗೆ ಕೊಟ್ಟರೆ, ಇದರ ಮೇಲೆ ಆಗಲೇ ಬೇರೆಯವರ ಸೀಲು ಇದೆಯಲ್ಲ, ನಮ್ಮ ಲೆಕ್ಕಕ್ಕೆ ಹೇಗೆ ಹಿಡಿಯುವುದು ಎಂದು ಕೇಳಿದರು. ಅದು ಬಗೆಹರಿಯುವ ಹೊತ್ತಿಗೆ ಮೂರು ವಾರ. ಅಷ್ಟರಲ್ಲಿ ಟೀಚರಮ್ಮ ಎಷ್ಟು ಸಂಜೆ ಪಾಠ ತಪ್ಪಿಸಿದರೋ, ಅದರ ಲೆಕ್ಕ ಯಾವ ಫಾರ್ಮಿನಲ್ಲೂ ಕೇಳಿರಲಿಲ್ಲ.

ನಾಲ್ವರೂ ಒಳ್ಳೆಯವರೇ. ಒಬ್ಬೊಬ್ಬರು ಕೇಳಿದ್ದೂ ನ್ಯಾಯವೇ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತೇವೆ ನಾವು. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರೆ ಒಬ್ಬನಿಗೆ ದೊಡ್ಡ ಉಪಕಾರ ಆಗುತ್ತದೆ ಎಂದು ಅದರ ಅರ್ಥ. ಲೆಕ್ಕ ಬರೆಯುವ ಮೇಜಿನ ಈಚೆ ಕೂತರೆ ಅದೇ ಗಾದೆ ತಿರುಗಿ ಬೀಳುತ್ತದೆ. ಕೊಡುವವರು ಒಬ್ಬೊಬ್ಬರೂ ಕೇಳುವುದು ಒಂದೊಂದು ಕಡ್ಡಿ, ತೆಗೆದುಕೊಂಡವರ ತಲೆ ಮೇಲೆ ಹೊರೆ. ಅವರವರ ದುಡ್ಡು ಅವರವರು ಕೊಟ್ಟರೆ ಏನು ತಪ್ಪು ಎಂದಿರಲ್ಲ, ಕೊಡುವುದರಲ್ಲಿ ತಪ್ಪಿಲ್ಲ. ಒಬ್ಬರು ಏನು ಕೇಳುತ್ತಿದ್ದಾರೆ ಎಂದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರುವುದರಲ್ಲಿ ತಪ್ಪಿದೆ.

ಈಗ ಹೆಸರಿನ ಜಗಳಕ್ಕೆ ಬರೋಣ. ಇದು ನೂರು ವರ್ಷಕ್ಕೂ ಹಳೆಯ ಸಮಸ್ಯೆ, ಅದಕ್ಕೆ ಒಂದು ಹಳೆಯ ಪರಿಹಾರವೂ ಇದೆ. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಎಂಬ ನಗರದಲ್ಲಿ ಫ್ರೆಡೆರಿಕ್ ಗಾಫ್ ಎಂಬ ಬ್ಯಾಂಕಿನ ಮುಖ್ಯಸ್ಥರು ಕ್ಲೀವ್‌ಲ್ಯಾಂಡ್ ಫೌಂಡೇಶನ್ ಶುರು ಮಾಡಿದರು. ಒಂದು ಊರಿನ ದಾನಿಗಳಿಗೆಲ್ಲ ಒಂದೇ ಸೂರು ಎಂಬ ಯೋಚನೆಯ ಮೊದಲ ಪ್ರತಿಷ್ಠಾನ ಅದು. ಇವತ್ತು ಅಂಥವು ಜಗತ್ತಿನಲ್ಲಿ ಸಾವಿರಕ್ಕೂ ಜಾಸ್ತಿ ಇವೆ. ಅದರ ಒಳಗೆ ಪ್ರತಿ ದಾನಿಯ ನಿಧಿಗೂ ಅವರದೇ ಹೆಸರು ಇರಬಹುದು. ಸೂರಿಗೆ ಮಾತ್ರ ಊರಿನ ಹೆಸರು. ಯಾರ ಹೆಸರು ಮೊದಲು ಎಂಬ ಪ್ರಶ್ನೆಯೇ ಏಳಲಿಲ್ಲ.

ನಿಮ್ಮ ಬಾಲದ ಭಯಕ್ಕೂ ಅಲ್ಲಿ ಉತ್ತರ ಇದೆ. ಶುರುವಿನ ನಿಯಮದ ಪ್ರಕಾರ ಹಣ ಇಟ್ಟುಕೊಂಡು ಕಾಯುವುದು ಬ್ಯಾಂಕಿನ ಕೆಲಸ, ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವುದು ಐವರ ಸಮಿತಿಯ ಕೆಲಸ. ಆ ಐವರಲ್ಲಿ ಬ್ಯಾಂಕು ಆರಿಸುವವರು ಇಬ್ಬರೇ. ಉಳಿದ ಮೂವರನ್ನು ಮೇಯರ್ ಮತ್ತು ನ್ಯಾಯಾಧೀಶರು ಆರಿಸಬೇಕಿತ್ತು. ತಿಜೋರಿ ಯಾರ ಕೈಯಲ್ಲಿ ಇದೆಯೋ ಅವರದೇ ಕೊನೆಯ ಮಾತು ಆಗಬಾರದು ಎಂದು ಒಬ್ಬ ಬ್ಯಾಂಕರ್ ತಾನೇ ನಿಯಮ ಬರೆದ. ನಿಮ್ಮ ದೊಡ್ಡ ಟ್ರಸ್ಟಿನವರಿಗೆ ಇದನ್ನು ಹೇಳಿ ನೋಡಿ. ಒಪ್ಪಿದರೆ ಸೇರಿ. ಹಣಕ್ಕೆ ತಕ್ಕ ಹಾಗೆ ವೋಟು ಎಂದರೆ ನಗುತ್ತಾ ಎದ್ದು ಬನ್ನಿ.

ಗಾಫ್ ಅವರಿಗೆ ಇನ್ನೊಂದು ಚಿಂತೆ ಇತ್ತು. ಅಜ್ಜ ಕಟ್ಟಿದ ಟ್ರಸ್ಟ್ ಎಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಸತ್ತವರು ಬರೆದಿಟ್ಟ ಷರತ್ತು ಬದುಕಿರುವವರ ಕೈ ಕಟ್ಟಿಹಾಕುತ್ತದೆ ಎಂಬುದು ಆ ಚಿಂತೆ. ಅಮೆರಿಕದ್ದೇ ಸೇಂಟ್ ಲೂಯಿಸ್ ನಗರದ ಬ್ರಯನ್ ಮಲನ್‌ಫಿ ಎಂಬ ಮಾಜಿ ಮೇಯರ್ 1851ರಲ್ಲಿ ತೀರಿಕೊಂಡರು. ನೆಲೆಸಲು ಪಶ್ಚಿಮದ ಕಡೆ ಹೋಗುವ ಬಡ ವಲಸಿಗರು ಆ ಊರಿಗೆ ಬಂದರೆ ಅವರಿಗೆ ಸಹಾಯ ಮಾಡಿ ಎಂದು ಆಸ್ತಿಯ ಮೂರನೇ ಒಂದು ಪಾಲು ಬರೆದಿಟ್ಟಿದ್ದರು. ಅವರ ಕಾಲಕ್ಕೆ ಅದು ತುಂಬಾ ಸರಿ. ಆಮೇಲೆ ರೈಲು ಬಂತು, ಅಂಥ ವಲಸಿಗರು ಕಡಿಮೆಯಾದರು. ಹಣ ಬೆಳೆಯುತ್ತಾ ಕೂತಿತು, ಷರತ್ತಿಗೆ ಹೊಂದುವವರು ಸಿಗುವುದೇ ಕಷ್ಟವಾಯಿತು. ನಿಮ್ಮ ಐದು ಟ್ರಸ್ಟುಗಳ ದಾಖಲೆಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ಓದಿ. ಯಾರ ಕೈ ಎಲ್ಲಿ ಕಟ್ಟಿದೆ, ಯಾರ ಕೈ ಬಿಚ್ಚಿದೆ ಗೊತ್ತಾಗುತ್ತದೆ. ನಿಮ್ಮ ಷರತ್ತಿನಲ್ಲಿ ಹಿಡಿಸದ ಅರ್ಜಿ ಇನ್ನೊಬ್ಬರ ಷರತ್ತಿನಲ್ಲಿ ಸಲೀಸಾಗಿ ಹಿಡಿಸಬಹುದು. ನಿಧಿ ಒಂದಾಗದಿದ್ದರೂ ಇದಿಷ್ಟು ಆಗುತ್ತದೆ, ಅಲ್ವಾ?

ಕ್ಲೀವ್‌ಲ್ಯಾಂಡಿನವರು ಮೊದಲ ವರ್ಷಗಳಲ್ಲಿ ಮಾಡಿದ್ದು ನನಗೆ ಇನ್ನೂ ಇಷ್ಟ. ಹಂಚಲು ಅವರ ಹತ್ತಿರ ಇನ್ನೂ ಹಣ ಕೂಡಿರಲಿಲ್ಲ. ಸುಮ್ಮನೆ ಕೂರದೆ ಊರನ್ನು ಅಳೆಯಲು ಹೊರಟರು. 1915ರಲ್ಲಿ ಶಾಲೆಗಳ ಸಮೀಕ್ಷೆಗೆ ಕೈ ಹಾಕಿದರು. ಮುಂದೆ ಪೊಲೀಸು, ಕೋರ್ಟುಗಳು ಹೇಗೆ ನಡೆಯುತ್ತಿವೆ ಎಂದು ನೋಡಿಸಿದರು, ಆ ವರದಿ 1922ರಲ್ಲಿ ಅಚ್ಚಾಯಿತು. ಅಂದರೆ ಕೊಡುವ ಮುಂಚೆ ತಿಳಿದುಕೊಂಡರು. ನೀವು ಐವರೂ ಕಳೆದ ವರ್ಷ ಯಾರಿಗೆ, ಯಾವುದಕ್ಕೆ, ಎಷ್ಟು, ಎಷ್ಟು ಕಾಲಕ್ಕೆ ಕೊಟ್ಟಿರಿ ಎಂಬ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಎಂದಾದರೂ ನೋಡಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಅಂಥ ಹಾಳೆ ಮಾಡಿದರೆ ಒಂದೇ ಕೆಲಸಕ್ಕೆ ಮೂವರು ಕೊಟ್ಟಿರುವುದು ಕಾಣಬಹುದು, ಯಾರೂ ಕಾಲಿಡದ ಮೂಲೆ ಕಾಣಬಹುದು. ಬ್ರಿಟನ್ನಿನಲ್ಲಿ 360ಗಿವಿಂಗ್ ಎಂಬ ಸಂಸ್ಥೆ ಇದನ್ನೇ ದೊಡ್ಡದಾಗಿ ಮಾಡುತ್ತಿದೆ. ನೆರವು ಕೊಡುವವರೆಲ್ಲ ತಮ್ಮ ಪಟ್ಟಿಯನ್ನು ಒಂದೇ ನಮೂನೆಯಲ್ಲಿ, ಯಾರು ಬೇಕಾದರೂ ನೋಡುವ ಹಾಗೆ ಪ್ರಕಟಿಸಬೇಕು ಎಂಬುದು ಅವರ ಕೋರಿಕೆ. ನಿಮಗೆ ಅಷ್ಟೆಲ್ಲ ಬೇಡ. ಒಂದು ಎಕ್ಸೆಲ್ ಶೀಟು ಸಾಕು.

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಜಂಬ ಕೊಚ್ಚಬೇಡ ಎಂಬ ಮಾತು. ಲೆಕ್ಕ ಮುಚ್ಚಿಡು ಎಂಬ ಮಾತಲ್ಲ.

ಆದರೆ ಹುಷಾರು. ಕೈಜೋಡಿಸುವುದರಲ್ಲಿ ಒಂದು ಅಪಾಯವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. 1869ರಲ್ಲಿ ಲಂಡನ್ನಿನಲ್ಲಿ ಚಾರಿಟಿ ಆರ್ಗನೈಸೇಶನ್ ಸೊಸೈಟಿ ಎಂಬುದು ಹುಟ್ಟಿತು. ನಗರದಲ್ಲಿ ದಾನಧರ್ಮದ ಸಂಘಗಳು ಲೆಕ್ಕವಿಲ್ಲದಷ್ಟಿದ್ದವು, ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎಲ್ಲರೂ ಮಾಹಿತಿ ಹಂಚಿಕೊಳ್ಳೋಣ ಎಂದು ಹೊರಟರು. ನೀವು ಹೊರಟ ಹಾಗೆಯೇ. ಆದರೆ ಆ ಮಾಹಿತಿ ಬಳಕೆಯಾದದ್ದು ಬಡವರನ್ನು ಸೋಸುವುದಕ್ಕೆ. ಮನೆಗೆ ಹೋಗಿ ವಿಚಾರಣೆ ಮಾಡುವುದು, ಇವನು ಯೋಗ್ಯ ಬಡವ, ಇವನು ಅಯೋಗ್ಯ ಎಂದು ಬರೆದಿಡುವುದು. ಬಿಡಿ ಬಿಡಿಯಾಗಿದ್ದಾಗ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ಬಡಿಯಬಹುದಿತ್ತು. ಬಾಗಿಲುಗಳೆಲ್ಲ ಮಾತಾಡಿಕೊಂಡರೆ ಎಲ್ಲಿಗೆ ಹೋಗುವುದು?

ಹಾಗಾಗಿ ನನ್ನ ಪಕ್ಕಾ ಅಭಿಪ್ರಾಯ ಇದು: ಮಾಹಿತಿ ಒಟ್ಟಿಗೆ ಇರಲಿ, ತೀರ್ಮಾನ ಬೇರೆ ಬೇರೆ ಇರಲಿ. ಒಬ್ಬರು ಬೇಡ ಎಂದ ಅರ್ಜಿಗೆ ಇನ್ನೊಬ್ಬರು ಹೂಂ ಎನ್ನುವ ಜಾಗ ಉಳಿಯಬೇಕು. ನಿಮ್ಮ ಹಾಳೆಯಲ್ಲಿ ಸಂಸ್ಥೆಗಳ ಹೆಸರು ಇರಲಿ. ಸಹಾಯ ಪಡೆದ ಮನುಷ್ಯರ ಹೆಸರು ಬೇಡವೇ ಬೇಡ. ಯಾರಿಗೆ ಯಾಕೆ ಕೊಡಲಿಲ್ಲ ಎಂಬ ಟಿಪ್ಪಣಿಯೂ ಬೇಡ, ಒಬ್ಬರ ಸಿಡುಕು ಐವರ ನೆನಪಿನಲ್ಲಿ ಕೂತುಬಿಡುತ್ತದೆ. ಮತ್ತೆ, ನಾವು ಐವರೂ ಮಾತಾಡಿಕೊಳ್ಳುತ್ತೇವೆ ಎಂದು ನೆರವು ಪಡೆಯುವವರಿಗೆ ಮೊದಲೇ ತಿಳಿಸಿ. ಬೆನ್ನ ಹಿಂದಿನ ಮಾತು ಎಂದು ಅವರಿಗೆ ಅನ್ನಿಸಬಾರದು.

ಎಲ್ಲರೂ ಹಣ ಒಟ್ಟು ಹಾಕಿ ಗೆದ್ದದ್ದೇ ಇಲ್ಲವಾ ಎಂದರೆ ಇದೆ. ಅಮೆರಿಕದ ಡೆಟ್ರಾಯಿಟ್ ನಗರ 2013ರಲ್ಲಿ ದಿವಾಳಿ ಎಂದು ಕೋರ್ಟಿಗೆ ಹೋಯಿತು. ಒಂದು ಕಡೆ ನಿವೃತ್ತ ನೌಕರರ ಪಿಂಚಣಿ, ಇನ್ನೊಂದು ಕಡೆ ನಗರದ ಕಲಾ ಸಂಗ್ರಹಾಲಯದ ಚಿತ್ರಗಳು. ಚಿತ್ರ ಮಾರಿ ಸಾಲ ತೀರಿಸಿ ಎಂಬ ಒತ್ತಡ ಇತ್ತು. ಆಗ ಹಲವು ಪ್ರತಿಷ್ಠಾನಗಳು ಸೇರಿ 36.6 ಕೋಟಿ ಡಾಲರ್ ಕೊಡಲು ಒಪ್ಪಿದವು. ಫೋರ್ಡ್ ಫೌಂಡೇಶನ್ನಿನದು 12.5 ಕೋಟಿ, ಕ್ರೆಸ್ಗಿ ಫೌಂಡೇಶನ್ನಿನದು 10 ಕೋಟಿ. ಅಲ್ಲಿಯ ಸ್ಥಳೀಯ ಪ್ರತಿಷ್ಠಾನಗಳ ಪಾಲು ಇದಕ್ಕಿಂತ ಎಷ್ಟೋ ಚಿಕ್ಕದು. ರಾಜ್ಯ ಸರ್ಕಾರವೂ ಸಂಗ್ರಹಾಲಯವೂ ತಮ್ಮ ಪಾಲು ಹಾಕಿದವು. ಚಿತ್ರಗಳು ಉಳಿದವು. ಪಿಂಚಣಿ ಪೂರ್ತಿ ಉಳಿಯಲಿಲ್ಲ, ಆದರೆ ಹೆದರಿದಷ್ಟು ಕತ್ತರಿ ಬೀಳಲಿಲ್ಲ. ಅಷ್ಟು ಜನ ಹೇಗೆ ಒಪ್ಪಿದರು? ಕೆಲಸ ಒಂದೇ, ಗಡುವು ಕಣ್ಣೆದುರಿಗೇ ಇತ್ತು, ಕೂರಿಸಿ ಮಾತಾಡಿಸಲು ಒಬ್ಬ ನ್ಯಾಯಾಧೀಶರಿದ್ದರು. ಮನೆಗೆ ಬೆಂಕಿ ಬಿದ್ದಾಗ ಕೊಡ ಯಾರದು ಎಂದು ಯಾರೂ ಕೇಳುವುದಿಲ್ಲ. ನಿಮ್ಮ ನಿಧಿಗೆ ಅಂಥ ಒಂದು ಕೆಲಸ ಇದೆಯಾ? ಇಲ್ಲದಿದ್ದರೆ ಸದ್ಯಕ್ಕೆ ನಿಧಿಯ ವಿಚಾರ ಪಕ್ಕಕ್ಕಿಡಿ.

ಅದರ ಬದಲು ಫಾರ್ಮಿಗೆ ಕೈ ಹಾಕಿ. ಒಂದು ಸಣ್ಣ ಲೆಕ್ಕ. ಒಂದು ಅರ್ಜಿ ತುಂಬಲು ಹದಿನೈದು ಗಂಟೆ ಬೇಕು ಅಂದುಕೊಳ್ಳಿ. ಮೂವತ್ತು ಸಂಸ್ಥೆಗಳು ಅರ್ಜಿ ಹಾಕಿದವು, ಐದಕ್ಕೆ ಸಿಕ್ಕಿತು. ನಾನೂರ ಐವತ್ತು ಗಂಟೆಯಲ್ಲಿ ಮುನ್ನೂರ ಎಪ್ಪತ್ತೈದು ಗಂಟೆ ನೀರಿಗೆ ಹೋಯಿತು. ಐದು ಟ್ರಸ್ಟಿಗೂ ಬೇರೆ ಬೇರೆ ಅರ್ಜಿ ಹಾಕಿದರೆ ಅದರ ಐದರಷ್ಟು. ಐವರಿಗೂ ಒಂದೇ ಅರ್ಜಿ, ಒಂದೇ ವರದಿ ಎಂದು ಮಾಡಿದರೆ ನಿಮ್ಮ ಕೈಯಿಂದ ಒಂದು ಪೈಸೆ ಜಾಸ್ತಿ ಹೋಗದೆ ದೊಡ್ಡ ದಾನ ಮಾಡಿದ ಹಾಗೆ. ಇದರಲ್ಲೂ ಒಂದು ಗುಂಡಿ ಇದೆ. ಐವರೂ ತಮ್ಮ ತಮ್ಮ ಪ್ರಶ್ನೆ ಬಿಡುವುದಿಲ್ಲ ಎಂದು ಹಟ ಹಿಡಿದರೆ ಒಂದೇ ಫಾರ್ಮು ಐದೂ ಹಳೆಯ ಫಾರ್ಮುಗಳಿಗಿಂತ ಉದ್ದ ಆಗುತ್ತದೆ. ಒಂದು ಪ್ರಶ್ನೆ ಸೇರಿಸಬೇಕು ಎಂದವರು, ಕಳೆದ ವರ್ಷ ಅದರ ಉತ್ತರ ನೋಡಿ ಯಾವ ತೀರ್ಮಾನ ಬದಲಿಸಿದೆವು ಎಂದು ಹೇಳಬೇಕು. ಅರ್ಧಕ್ಕರ್ಧ ಪ್ರಶ್ನೆ ಅಲ್ಲೇ ಉದುರುತ್ತವೆ. ಬಿಲ್ಲಿನ ವಿಷಯಕ್ಕೂ ಒಂದು ನಿಯಮ ಬರೆದುಕೊಳ್ಳಿ. ಅಸಲು ಖರ್ಚು ಮಾಡಿದ ಸಂಸ್ಥೆಯಲ್ಲೇ ಇರಲಿ, ಬೇಕಾದವರು ಹೋಗಿ ನೋಡಲಿ.

ಇನ್ನು ಈ ಕೆಲಸ ಮಾಡುವವರು ಯಾರು? ಸಭೆ ಕರೆಯುವುದು, ಶೀಟು ತುಂಬಿಸುವುದು, ಫೋನು ಎತ್ತದವರಿಗೆ ಮತ್ತೆ ಫೋನು ಮಾಡುವುದು. ಪತ್ರ ಓದಿದರೆ ಅದು ನೀವೇ ಎಂದು ಗೊತ್ತಾಗುತ್ತದೆ, ಪುಕ್ಕಟೆಯಾಗಿ. ಮೊದಲ ವರ್ಷ ನಡೆಯುತ್ತದೆ, ಎರಡನೆಯ ವರ್ಷ ನಿಮಗೆ ಸಾಕಾಗುತ್ತದೆ. ಐವರೂ ಸ್ವಲ್ಪ ಸ್ವಲ್ಪ ಹಾಕಿ ವಾರಕ್ಕೆ ಒಂದು ದಿನ ಬರುವ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಿ. ನೀವು ಒಟ್ಟು ಹಾಕುವ ಮೊದಲ ಹಣ ಅದೇ ಆಗಲಿ, ಅದಕ್ಕೆ ಯಾರ ಹೆಸರೂ ಬೇಕಾಗಿಲ್ಲ.

ಮುಂದಿನ ಸಭೆಗೆ ಎದ್ದು ಹೋದ ಇಬ್ಬರನ್ನೂ ಕರೆಯಿರಿ. ನಿಧಿಯ ವಿಚಾರ ಇಲ್ಲ, ಹೋದ ವರ್ಷದ ಪಟ್ಟಿ ತಂದರೆ ಸಾಕು ಎನ್ನಿ. ನಿಮ್ಮಿಂದ ನೆರವು ಪಡೆಯುವ ಸಂಸ್ಥೆಗಳ ಪೈಕಿ ಯಾವುದಾದರೂ ಒಂದರ ಲೆಕ್ಕ ಬರೆಯುವವರನ್ನೂ ಕರೆದು ಕೂರಿಸಿ. ಅವರು ತುಂಬುವ ಐದೂ ಫಾರ್ಮುಗಳನ್ನು ತಂದು ಮೇಜಿನ ಮೇಲೆ ಇಡಲಿ. ಅವರಿಗೆ ಮಾತಾಡಲು ಸಂಕೋಚ ಆಗುತ್ತದೆ, ದಾನಿಗಳ ಎದುರಿಗೆ ಯಾರಿಗೆ ತಾನೇ ಆಗುವುದಿಲ್ಲ? ನೀವೇ ಒಂದು ಫಾರ್ಮು ಎತ್ತಿಕೊಂಡು ತುಂಬಲು ಕೂತುಬಿಡಿ. ಎಷ್ಟು ಹೊತ್ತು ಹಿಡಿಯಿತು ಎಂದು ನನಗೆ ಬರೆಯಿರಿ.