ಗಾಡಿ ಪ್ರಶ್ನೆ: ಆಫೀಸಿಗೂ ಬೆಟ್ಟದ ತಿರುವಿಗೂ ಒಂದೇ ಸೂಪರ್‌ಮೋಟೋ ಸಾಕಾ?

ಪ್ರಶ್ನೆ: ಆಫೀಸಿಗೆ ಹೋಗಿ ಬರಲು ದಿನಾ 40 ಕಿ.ಮೀ., ಅದರಲ್ಲಿ ಅರ್ಧ ಬರೀ ಸಿಗ್ನಲ್ಲು. ರಜೆ ಸಿಕ್ಕಾಗ ಬೆಟ್ಟ, ಕಣಿವೆ ಕಡೆ ತಿರುವಿನ ರಸ್ತೆ ಹುಡುಕಿಕೊಂಡು ಹೋಗುತ್ತೇನೆ. ಒಂದು ಚಿಕ್ಕ ಸೂಪರ್‌ಮೋಟೋ, ಅಂದರೆ ರಸ್ತೆಗೆ ಹೊಂದಿಸಿದ ಡರ್ಟ್ ಬೈಕು, ತೆಗೆದುಕೊಳ್ಳಬೇಕು ಅಂತ ಮನಸ್ಸು. ಸುಝುಕಿ ಡಿಆರ್-ಝಡ್400ಎಸ್‌ಎಂ, ಯಮಹಾ ಡಬ್ಲ್ಯೂಆರ್250ಎಕ್ಸ್, ಕವಾಸಕಿ ಕೆಎಲ್‌ಎಕ್ಸ್300ಎಸ್‌ಎಂ, ಕೆಟಿಎಂ 390 ಎಸ್‌ಎಂಸಿ ಆರ್, ನಾಲ್ಕನ್ನೂ ಓದಿ ಓದಿ ತಲೆ ಕೆಟ್ಟಿದೆ. ನನ್ನ ಎತ್ತರ 5 ಅಡಿ 7 ಅಂಗುಲ. ಯಾವುದು ಸರ್?

ಉತ್ತರ: ಎಲ್ಲಾ ಬರೆದಿದ್ದೀರಿ, ಮುಖ್ಯವಾದದ್ದು ಒಂದು ಬಿಟ್ಟಿದ್ದೀರಿ. ನಿಮ್ಮ ಮನೆಯಿಂದ ಬೆಟ್ಟದ ಮೊದಲ ತಿರುವಿನವರೆಗೆ ಎಷ್ಟು ದೂರ? ಅದು ಎಂಥ ರಸ್ತೆ? ಟ್ರಾಫಿಕ್ಕಿನಲ್ಲಿ ಈ ನಾಲ್ಕೂ ಚೆನ್ನಾಗಿವೆ. ತಿರುವಿನಲ್ಲಂತೂ ನಾಲ್ಕೂ ನಗು ತರಿಸುತ್ತವೆ. ನಡುವಿನ ಆ ಬೋರು ಹೊಡೆಸುವ ನೇರ ರಸ್ತೆ ಇದೆಯಲ್ಲ, ಇವುಗಳ ವ್ಯತ್ಯಾಸ ಗೊತ್ತಾಗುವುದು ಅಲ್ಲಿ. ಗಾಡಿ ತೆಗೆದುಕೊಳ್ಳುವಾಗ ಎಲ್ಲರೂ ತಿರುವಿನ ಕನಸು ಕಾಣುತ್ತಾರೆ. ಆರು ತಿಂಗಳಾದ ಮೇಲೆ ಮಾರಲು ಹೊರಡುವುದು ಮಾತ್ರ ಈ ನೇರ ರಸ್ತೆಗೆ ಬೇಸತ್ತು.

ಯಾಕೆ ಅಂದರೆ ಈ ಜಾತಿಯ ಗಾಡಿ ಹುಟ್ಟಿದ್ದೇ ಹಾಗೆ. 1979ರಲ್ಲಿ ಅಮೆರಿಕದ ಎಬಿಸಿ ಟಿವಿಯವರು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್ ಟ್ರ್ಯಾಕಿನಲ್ಲಿ ಒಂದು ರೇಸ್ ಮಾಡಿಸಿದರು. ಮೋಟೋಕ್ರಾಸ್‌ನವರು, ಡರ್ಟ್ ಟ್ರ್ಯಾಕಿನವರು, ರೋಡ್ ರೇಸಿನವರು ಎಲ್ಲರೂ ಒಂದೇ ಟ್ರ್ಯಾಕಿನಲ್ಲಿ, ಸ್ವಲ್ಪ ಡಾಂಬರು, ಸ್ವಲ್ಪ ಮಣ್ಣು. ಯಾರು ನಿಜವಾದ ಹುಲಿ ಅಂತ ನೋಡುವುದು ಅವರ ಲೆಕ್ಕ. ಅಲ್ಲಿ ಓಡಿದ್ದು ಮಣ್ಣಿನ ಗಾಡಿಗೆ ರಸ್ತೆಯ ಟೈರು ಹಾಕಿದಂಥ ಯಂತ್ರಗಳು. ಇವತ್ತಿಗೂ ಸೂಪರ್‌ಮೋಟೋ ಅಂದರೆ ಅಷ್ಟೇ: ಎತ್ತರದ ಡರ್ಟ್ ಬೈಕು, 17 ಇಂಚಿನ ಚಕ್ರ, ದೊಡ್ಡ ಬ್ರೇಕು, ಅಗಲದ ಹ್ಯಾಂಡಲ್. ಗಾಳಿ ತಡೆಯಲು ಏನೂ ಇಲ್ಲ, ಸೀಟು ಹಲಗೆಯ ಹಾಗೆ, ಟ್ಯಾಂಕು ಚಿಕ್ಕದು. 60ರಿಂದ 80ರ ವೇಗದಲ್ಲಿ ಇಷ್ಟು ಖುಷಿ ಕೊಡುವ ಗಾಡಿ ಇನ್ನೊಂದಿಲ್ಲ, 110ರಲ್ಲಿ ಒಂದು ಗಂಟೆ ಕೂತರೆ ಇಷ್ಟು ಶಾಪ ಹಾಕಿಸಿಕೊಳ್ಳುವ ಗಾಡಿಯೂ ಇಲ್ಲ.

ಈಗ ನಿಮ್ಮ ನಾಲ್ಕಕ್ಕೆ ಬರೋಣ. ಡಿಆರ್-ಝಡ್400ಎಸ್‌ಎಂ 2005ರಿಂದ ಇರುವ ಗಾಡಿ, 398 ಸಿಸಿ, ಪೆಟ್ರೋಲ್ ತುಂಬಿಸಿ 146 ಕೆ.ಜಿ. ಆಸುಪಾಸು. ಎಂಜಿನ್ ಗಟ್ಟಿ, ಬಿಡಿಭಾಗಗಳೂ ಬೇಕಾದಷ್ಟು. ಆದರೆ ಗೇರು ಐದೇ. ನೇರ ರಸ್ತೆಯಲ್ಲಿ ಎಡಗಾಲು ತನ್ನಷ್ಟಕ್ಕೆ ಆರನೇ ಗೇರು ಹುಡುಕುತ್ತಿರುತ್ತದೆ, ಅದು ಇಲ್ಲ. ಹಳೆಯದು ಕಾರ್ಬ್ಯುರೇಟರ್ ಗಾಡಿ, ಚಳಿಯಲ್ಲಿ ಚೋಕ್ ಎಳೆದು ಎರಡು ನಿಮಿಷ ಕಾಯುವ ತಾಳ್ಮೆ ಬೇಕು. 2025ರ ಮಾಡೆಲ್ ಆಗಿ ಡಿಆರ್-ಝಡ್4ಎಸ್‌ಎಂ ಅಂತ ಹೊಸದು ಬಂದಿದೆ. ಫ್ಯೂಯಲ್ ಇಂಜೆಕ್ಷನ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿ ಸುತ್ತದಂತೆ ತಡೆಯುವುದು) ಎಲ್ಲಾ ಕೊಟ್ಟರು, ಆರನೇ ಗೇರು ಮಾತ್ರ ಕೊಡಲಿಲ್ಲ! ತೂಕವೂ 154 ಕೆ.ಜಿ.ಗೆ ಏರಿತು.

ಡಬ್ಲ್ಯೂಆರ್250ಎಕ್ಸ್ ನನಗೆ ತುಂಬಾ ಇಷ್ಟದ ಗಾಡಿ, ಅದನ್ನು ಮುಚ್ಚಿಡುವುದಿಲ್ಲ. ಆರು ಗೇರು, ಇಂಜೆಕ್ಷನ್, ಮೇಲಿನ ಆರ್‌ಪಿಎಂನಲ್ಲಿ ಹುಚ್ಚು ಹಿಡಿದಂತೆ ಓಡುವ ಎಂಜಿನ್. ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವಿನ ಸಂದು, ಚೆಕ್ ಮಾಡಿಸಬೇಕಾದದ್ದು ಸುಮಾರು 42,000 ಕಿ.ಮೀ.ಗೆ ಒಮ್ಮೆ. ದಿನಾ ಓಡಿಸುವವರಿಗೆ ಇದು ಚಿಕ್ಕ ವಿಷಯವಲ್ಲ. ಆದರೆ ಕೆಳಗಿನ ಆರ್‌ಪಿಎಂನಲ್ಲಿ ಜೀವ ಕಡಿಮೆ, ಸಿಗ್ನಲ್ಲಿನಲ್ಲಿ ಗೇರು ಜಾಸ್ತಿ ಬದಲಿಸಬೇಕು. ಮತ್ತೆ ಇದು 2008ರ ಮಾಡೆಲ್ ಆಗಿ ಬಂದದ್ದು, ಈಗ ಹೊಸದು ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಒಂದೇ ದಾರಿ.

ಕೆಎಲ್‌ಎಕ್ಸ್300ಎಸ್‌ಎಂ ಸೌಮ್ಯ ಸ್ವಭಾವದ್ದು. 292 ಸಿಸಿ, ಆರು ಗೇರು, 138 ಕೆ.ಜಿ. ಸುತ್ತಮುತ್ತ, ಸೀಟು 860 ಮಿ.ಮೀ. ನಿಮ್ಮ ಎತ್ತರಕ್ಕೆ ಸರಿಯಾಗಿದೆ. ಇದರಲ್ಲಿ ಎಕ್ಸಲರೇಟರನ್ನು ಪೂರ್ತಿ ತಿರುಗಿಸಿ ಓಡಿಸಬಹುದು, ಹಾಗೆ ಓಡಿಸಿದರೂ ಜೈಲಿಗೆ ಹೋಗುವ ವೇಗ ಬರುವುದಿಲ್ಲ, ಚಿಕ್ಕ ಗಾಡಿಯ ಮಜಾನೇ ಅದು ಅಲ್ವಾ? ಆದರೆ ಎಬಿಎಸ್ ಇಲ್ಲ, ಟ್ಯಾಂಕು ಬರೀ 7.5 ಲೀಟರ್. ಲೀಟರಿಗೆ 25 ಸಿಕ್ಕರೂ 180 ಕಿ.ಮೀ. ದಾಟುವಷ್ಟರಲ್ಲಿ ಟ್ಯಾಂಕು ಖಾಲಿ.

390 ಎಸ್‌ಎಂಸಿ ಆರ್ ಇವುಗಳಲ್ಲಿ ಹೊಸ ಕಾಲದ್ದು. 399 ಸಿಸಿ, 44 ಎಚ್‌ಪಿ, ಆರು ಗೇರು. ಹಿಂದಿನ ಚಕ್ರದ ಎಬಿಎಸ್ ಮಾತ್ರ ಆಫ್ ಮಾಡುವ ಸೂಪರ್‌ಮೋಟೋ ಮೋಡ್ ಕೂಡ ಇದೆ. ಪೆಟ್ರೋಲ್ ಇಲ್ಲದೆಯೇ 154 ಕೆ.ಜಿ., ಅಂದರೆ ಯಮಹಾ, ಕವಾಸಕಿಗಳಿಗಿಂತ ಚೆನ್ನಾಗಿಯೇ ಭಾರ. ಬಿಗಿ ತಿರುವಿನಲ್ಲಿ ಆ ಭಾರ ಗೊತ್ತಾಗುತ್ತದೆ, ನೇರ ರಸ್ತೆಯಲ್ಲಿ ಅದೇ ಭಾರ ಗಾಳಿಗೆ ಅಲುಗಾಡದೆ ನಿಲ್ಲಿಸುತ್ತದೆ.

ಹಾಗಾಗಿ ಬೆಟ್ಟ ಅರ್ಧ ಗಂಟೆಯೊಳಗೆ ಸಿಗುತ್ತದೆ ಅಂದರೆ ಕೆಎಲ್‌ಎಕ್ಸ್300ಎಸ್‌ಎಂ ತೆಗೆದುಕೊಳ್ಳಿ, ಯೋಚನೆ ಬೇಡ. ನಡುವೆ ಒಂದು ಗಂಟೆ ಹೆದ್ದಾರಿ ಇದೆ ಅಂದರೆ 390. ಗಾಡಿಯ ಕೆಲಸ ನೀವೇ ಮಾಡಿಕೊಳ್ಳುವವರು, ಹತ್ತು ವರ್ಷ ಇಟ್ಟುಕೊಳ್ಳುವವರು ಆದರೆ ಡಿಆರ್-ಝಡ್. ಆ ನೇರ ರಸ್ತೆ ಎರಡು ಗಂಟೆಯದಾದರೆ ಸೂಪರ್‌ಮೋಟೋನೇ ಬೇಡ, ಒಂದು ನೇಕೆಡ್ ಬೈಕು (ಮೈಮೇಲೆ ಕವಚವಿಲ್ಲದ ಸಾಮಾನ್ಯ ರಸ್ತೆ ಬೈಕು) ನೋಡಿ. ಇದನ್ನು ಕೇಳಲು ನಿಮಗೆ ಇಷ್ಟ ಆಗುವುದಿಲ್ಲ, ಗೊತ್ತು.

ಪ್ರಶ್ನೆ: ನಾನು 5 ಅಡಿ 3 ಅಂಗುಲ. ಶೋರೂಮಿನಲ್ಲಿ 890 ಮಿ.ಮೀ. ಸೀಟಿನ ಮೇಲೆ ಕೂತರೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಲೋಯರಿಂಗ್ ಲಿಂಕ್ (ಹಿಂದಿನ ಸಸ್ಪೆನ್ಷನ್ ತಗ್ಗಿಸುವ ಬಿಡಿಭಾಗ) ಹಾಕಿಸಿಬಿಡಿ ಅನ್ನುತ್ತಾರೆ. ಹಾಕಿಸಲಾ ಮೇಡಂ ಅಂತ ನನ್ನನ್ನೇ ಕೇಳುತ್ತಿದ್ದಾರೆ ಮೆಕ್ಯಾನಿಕ್ಕು!

ಉತ್ತರ: ಹಾಕಿಸುವ ಮೊದಲು ಒಂದು ನೋಡಿ ಮೇಡಂ. ಈ ಗಾಡಿಗಳ ಸಸ್ಪೆನ್ಷನ್ ಉದ್ದ ಇರುವುದರಿಂದ ಕೂತ ತಕ್ಷಣ ಗಾಡಿ ಸಾಕಷ್ಟು ಕೆಳಗಿಳಿಯುತ್ತದೆ. ಹಿಂದಿನ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಬಿಗಿ, ನಿಮ್ಮ ತೂಕಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಅದು ಇಳಿಯುವುದಿಲ್ಲ. ಮೊದಲು ಅದನ್ನು ಸರಿ ಮಾಡಿಸಿ, ಖರ್ಚು ಹೆಚ್ಚೇನಿಲ್ಲ. ಲಿಂಕ್ ಹಾಕಿದರೆ ಹಿಂಭಾಗ ಮಾತ್ರ ಇಳಿಯುತ್ತದೆ, ಗಾಡಿ ಹಿಂದಕ್ಕೆ ಕುಳಿತ ಹಾಗೆ ಆಗಿ ತಿರುವಿಗೆ ಒಳಗೆ ಬರಲು ಸೋಮಾರಿಯಾಗುತ್ತದೆ. ಅದಕ್ಕೆ ಮುಂದಿನ ಫೋರ್ಕನ್ನೂ ಅದನ್ನು ಹಿಡಿದಿರುವ ಕ್ಲಾಂಪಿನಲ್ಲಿ ಸ್ವಲ್ಪ ಮೇಲಕ್ಕೆ ಸರಿಸಿ ಮುಂಭಾಗ ತಗ್ಗಿಸಬೇಕು. ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಜೋರು ಗಾಳಿಗೇ ಆಚೆ ಬದಿಗೆ ಮಗುಚಬಹುದು, ಅದನ್ನೂ ಕತ್ತರಿಸಿ ಚಿಕ್ಕದು ಮಾಡಿಸಬೇಕು. ಇಷ್ಟೆಲ್ಲಾ ಮಾಡುವ ಬದಲು ಕವಾಸಕಿ ಕೆಎಲ್‌ಎಕ್ಸ್230ಎಸ್‌ಎಂ ಮೇಲೆ ಒಮ್ಮೆ ಕೂತು ನೋಡಿ. ಸೀಟು 845 ಮಿ.ಮೀ., ಏರ್ ಕೂಲ್ಡ್ ಎಂಜಿನ್, ನೋಡಿಕೊಳ್ಳುವುದು ಸುಲಭ. ಹೆದ್ದಾರಿಯಲ್ಲಿ ಉಸಿರು ಕಟ್ಟುತ್ತದೆ, ಊರೊಳಗೆ ಇದಕ್ಕಿಂತ ಚುರುಕು ಬೇಕಿಲ್ಲ. ಇನ್ನು ಬರೀ ಒಂದು ಕಾಲು ಪೂರ್ತಿ ಊರಲು ಬಂದರೂ ಸಾಕು, ಎರಡೂ ಕಾಲು ಊರಲೇಬೇಕು ಅಂತ ಎಲ್ಲೂ ಬರೆದಿಲ್ಲ. ಸಿಗ್ನಲ್ಲಿನಲ್ಲಿ ಸೀಟಿನ ಒಂದು ಬದಿಗೆ ಜರುಗಿ ನಿಲ್ಲುವುದು ವಾರದಲ್ಲಿ ರೂಢಿಯಾಗುತ್ತದೆ.

ಪ್ರಶ್ನೆ: ನನ್ನ ಹತ್ತಿರ ಆಗಲೇ ಒಂದು ಡ್ಯುಯಲ್ ಸ್ಪೋರ್ಟ್ (ರಸ್ತೆಗೂ ಮಣ್ಣಿಗೂ ಆಗುವ ಬೈಕು) ಇದೆ, ಮುಂದೆ 21, ಹಿಂದೆ 18 ಇಂಚಿನ ಚಕ್ರ. 17 ಇಂಚಿನ ಚಕ್ರ ಎರಡು ಹಾಕಿಸಿಬಿಟ್ಟರೆ ಸೂಪರ್‌ಮೋಟೋ ಆಯ್ತಲ್ವಾ?

ಉತ್ತರ: ನೋಡಲು ಆಯ್ತು. ಓಡಿಸಲು ಇನ್ನೂ ಮುಕ್ಕಾಲು ಕೆಲಸ ಬಾಕಿ. 80/100-21 ಟೈರಿನ ವ್ಯಾಸ ಸುಮಾರು 693 ಮಿ.ಮೀ., 120/70-17ರದ್ದು 600. ನಿಮ್ಮ ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ಲೆಕ್ಕ ತೆಗೆದುಕೊಳ್ಳುವುದಾದರೆ ಅದು 100 ತೋರಿಸುವಾಗ ನೀವು ಹೋಗುತ್ತಿರುವುದು 87ರಲ್ಲಿ. ಹಿಂದಿನದೂ ಚಿಕ್ಕದಾಗುವುದರಿಂದ ಎಂಜಿನ್ ಜಾಸ್ತಿ ಸುತ್ತುತ್ತದೆ. ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಸೇರಿಸಿದರೆ ಅದು ಸರಿಹೋಗುತ್ತದೆ. ಆದರೆ ಅಸಲು ವಿಷಯ ಬ್ರೇಕು ಮತ್ತು ಫೋರ್ಕು. ಮಣ್ಣಿಗೆ ಮಾಡಿದ ಚಿಕ್ಕ ಡಿಸ್ಕು ಡಾಂಬರಿನ ಹಿಡಿತಕ್ಕೆ ಸಾಲುವುದಿಲ್ಲ, 300 ಮಿ.ಮೀ.ಗಿಂತ ದೊಡ್ಡದು ಹಾಕಿದರೆ ಕ್ಯಾಲಿಪರ್ ಸರಿಸಲು ಬ್ರಾಕೆಟ್ ಬೇಕು. ಡಿಸ್ಕು ಹಾಕಿದ ಮೇಲೆ ಫೋರ್ಕಿನ ಮೆತ್ತಗಿನ ಸ್ಪ್ರಿಂಗ್ ಪ್ರತಿ ಬ್ರೇಕಿಗೂ ಮೂಗು ನೆಲಕ್ಕೆ ತಾಗಿಸುವ ಹಾಗೆ ಮುಳುಗುತ್ತದೆ, ಆಗ ಗಟ್ಟಿ ಸ್ಪ್ರಿಂಗೂ ಬೇಕು. ಒಂದಕ್ಕೆ ಒಂದು ಜೋತುಬೀಳುತ್ತಾ ಹೋಗುತ್ತದೆ ನೋಡಿ. ಹಳೆಯ ಚಕ್ರಗಳನ್ನೂ ಇಟ್ಟುಕೊಂಡು ಮಣ್ಣಿಗೂ ಹೋಗುವ ಆಸೆ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಬರೀ ಡಾಂಬರು ಸಾಕು ಅನ್ನುವವರಾದರೆ ಇದನ್ನು ಮಾರಿ ಕಂಪನಿಯದ್ದೇ ಸೂಪರ್‌ಮೋಟೋ ತಗೊಳ್ಳುವುದು ವಾಸಿ.

ಪ್ರಶ್ನೆ: 450 ಸಿಸಿ ರೇಸ್ ಸೂಪರ್‌ಮೋಟೋಗೆ ನಂಬರ್ ಪ್ಲೇಟ್ ಮಾಡಿಸಿ ಆಫೀಸಿಗೆ ಓಡಿಸಿದರೆ ಹೇಗೆ?

ಉತ್ತರ: ಬೇಡ. ಅದರ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಿ ಇಲ್ಲ, ಗಂಟೆಯಲ್ಲಿದೆ. ಆಯಿಲ್ಲು, ಟ್ಯಾಪೆಟ್ಟು, ಪಿಸ್ಟನ್ನು ಎಲ್ಲಾ ಎಂಜಿನ್ ಓಡಿದ ಗಂಟೆ ಎಣಿಸಿ ಮಾಡಿಸಬೇಕು, ಸಿಗ್ನಲ್ಲಿನಲ್ಲಿ ಸುಮ್ನೆ ನಿಂತ ಹೊತ್ತೂ ಆ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ: ಸೂಪರ್‌ಮೋಟೋ ರೇಸಿನವರು ತಿರುವಿನಲ್ಲಿ ಕಾಲು ಮುಂದೆ ಚಾಚುತ್ತಾರೆ. ಬೆಟ್ಟದ ರಸ್ತೆಯಲ್ಲಿ ನಾನೂ ಹಾಗೆ ಮಾಡಬೇಕಾ, ಇಲ್ಲ ಮೊಣಕಾಲು ಬಗ್ಗಿಸಿ ನೇತಾಡಬೇಕಾ?

ಉತ್ತರ: ಎರಡೂ ಬೇಡ, ಪಾದ ಫುಟ್‌ಪೆಗ್ ಮೇಲೇ ಇರಲಿ. ಚಾಚಿದ ಕಾಲು ರಸ್ತೆಯ ಗುಂಡಿಗೋ ಕಲ್ಲಿಗೋ ಸಿಕ್ಕಿಕೊಂಡರೆ ಮೊಣಕಾಲು ತಿರುಚಿಕೊಳ್ಳುತ್ತದೆ, ಮತ್ತೆ ಅದು ಬಲಗಾಲಾದರೆ ಹಿಂದಿನ ಬ್ರೇಕನ್ನೂ ಒತ್ತಲು ಆಗುವುದಿಲ್ಲ. ರೇಸಿನವರಿಂದ ಕಲಿಯಬೇಕಾದದ್ದು ಮೇಲಿನ ಅರ್ಧ ಮೈ. ಟ್ಯಾಂಕಿನ ಹತ್ತಿರ ಮುಂದೆ ಕೂತು, ಹೊರಗಿನ ಮೊಣಕೈ ಎತ್ತಿ, ಗಾಡಿಯನ್ನು ಮಾತ್ರ ಒಳಗೆ ತಳ್ಳಿ. ನೀವು ನೆಟ್ಟಗೇ ಇರಿ. ಹ್ಯಾಂಡಲ್ ಅಗಲ ಇರುವುದರಿಂದ ಒಂದು ಚಿಕ್ಕ ಒತ್ತಡಕ್ಕೇ ಗಾಡಿ ವಾಲುತ್ತದೆ, ಜಲ್ಲಿ ಸಿಕ್ಕಿತು ಅಂದರೆ ಅಷ್ಟೇ ಬೇಗ ಎತ್ತಿಕೊಳ್ಳಲೂ ಬರುತ್ತದೆ. ನೆಟ್ಟಗೆ ಕೂತಾಗ ತಿರುವಿನಾಚೆ ಕಣ್ಣು ದೂರ ಹೋಗುತ್ತದೆ, ಎದುರಿನ ಲಾರಿ ಅರ್ಧ ಸೆಕೆಂಡ್ ಮೊದಲೇ ಕಾಣುತ್ತದೆ. ತಿರುವಿನೊಳಗೆ ಹೋದ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಗೇ ಬಿಡಬೇಡಿ. ಉದ್ದದ ಫೋರ್ಕು ಚಿಮ್ಮಿ ಮೇಲೆದ್ದು ಗಾಡಿ ತಿರುವಿನ ಹೊರಬದಿಗೆ ಹೋಗುತ್ತದೆ, ಮೆಲ್ಲಗೆ ಬಿಡಿ. ಇಲ್ಲಿ ಗಾಡಿಗಿಂತ ಬೆರಳಿನ ಅಭ್ಯಾಸ ಮುಖ್ಯ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸೂಪರ್‌ಮೋಟೋ ನೋಡುವಾಗ ಏನು ಚೆಕ್ ಮಾಡಲಿ? ಮಾರುವವನು 'ಬರೀ ಆಫೀಸಿಗೆ ಓಡಿಸಿದ್ದು' ಅನ್ನುತ್ತಾನೆ.

ಉತ್ತರ: ಎಲ್ಲರೂ ಹಾಗೇ ಅನ್ನುತ್ತಾರೆ. ಅವನ ಮಾತು ಬಿಡಿ, ಗಾಡಿಯ ಹಿಂಭಾಗ ನೋಡಿ. ನಂಬರ್ ಪ್ಲೇಟು, ಹಿಂದಿನ ಮಡ್‌ಗಾರ್ಡ್ ತುದಿ ಉಜ್ಜಿಹೋಗಿದ್ದರೆ ವೀಲಿ (ಮುಂದಿನ ಚಕ್ರ ಎತ್ತಿ ಓಡಿಸುವುದು) ಮಾಡಿ ಹಿಂದಕ್ಕೆ ಬಿದ್ದಿದೆ ಅಂತ ಲೆಕ್ಕ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ, ನಡುವೆ ಒಂದು ಕಡೆ ಕಚಕ್ ಅಂತ ಕೂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ, ವೀಲಿ ಇಳಿಸಿ ಇಳಿಸಿ ಹೀಗಾಗುತ್ತದೆ. ಫೋರ್ಕಿನ ಆಯಿಲ್ ಸೀಲು, ರಿಮ್ಮಿನ ಏಟು, ಸಡಿಲ ಸ್ಪೋಕು ನೋಡಿ. ಸ್ಪೋಕಿಗೆ ಬೆರಳಿನಿಂದ ಮೀಟಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಸದ್ದು ಕೊಡಬೇಕು. ಹಳೆಯ ಡಿಆರ್-ಝಡ್ ಆದರೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಎಡಬದಿಗೆ ಕಿವಿ ಕೊಡಿ, ಕ್ಯಾಮ್ ಚೈನ್ ಟೆನ್ಷನರ್ (ಎಂಜಿನ್ ಒಳಗಿನ ಚೈನನ್ನು ಬಿಗಿ ಇಡುವ ಭಾಗ) ಅದರ ಹೆಸರಾದ ದುರ್ಬಲ ಜಾಗ. ಹಲವರು ಕೈಯಿಂದ ಬಿಗಿ ಮಾಡುವ ಟೆನ್ಷನರ್ ಹಾಕಿಸಿಕೊಂಡಿರುತ್ತಾರೆ, ಅದು ಹಾಕಿದ್ದರೆ ಒಳ್ಳೆಯದೇ. ನೀವು ಹೋಗುವಷ್ಟರಲ್ಲಿ ಎಂಜಿನ್ ಆಗಲೇ ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಹಿಂದಿನ ಟೈರು ನಡುವೆ ಚಪ್ಪಟೆ ಆಗಿದ್ದರೆ ಸಂತೋಷಪಡಿ, ಅವನು ನಿಜವಾಗಲೂ ಆಫೀಸಿಗೇ ಓಡಿಸಿದ್ದಾನೆ.

ಪ್ರಶ್ನೆ: ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೋಗಬಹುದಾ?

ಉತ್ತರ: ಫುಟ್‌ಪೆಗ್ ಕೊಟ್ಟಿದ್ದಾರೆ, ಹಾಗಾಗಿ ಹೋಗಬಹುದು. ಇಪ್ಪತ್ತು ನಿಮಿಷ ಆರಾಮ. ಆಮೇಲೆ ಸೀಟು ಎಷ್ಟು ಕಿರಿದು ಅಂತ ಅವರೇ ಹೇಳುತ್ತಾರೆ. ಇಬ್ಬರ ತೂಕಕ್ಕೆ ಹಿಂದಿನ ಪ್ರೀಲೋಡ್ ಬಿಗಿ ಮಾಡಿಸಿ, ಇಲ್ಲದಿದ್ದರೆ ಮುಂದಿನ ಚಕ್ರ ಹಗುರಾಗಿ ಹೆಡ್‌ಲೈಟು ಮರದ ಕೊಂಬೆ ತೋರಿಸುತ್ತದೆ. ಟೆಸ್ಟ್ ರೈಡಿಗೆ ಅವರನ್ನೂ ಕರೆದುಕೊಂಡು ಹೋಗಿ, ಅಡ್ವಾನ್ಸ್ ಕೊಡುವ ಮೊದಲೇ.