ತೊಂಬತ್ತು ಗ್ರಾಂ ನೀರು

ರಸಾಯನಶಾಸ್ತ್ರದ ಮೊದಲ ವರ್ಷದಲ್ಲಿದ್ದ ಈ ವಿದ್ಯಾರ್ಥಿನಿಯ ಗುರುತನ್ನು ಮರೆಮಾಡಿದ್ದೇನೆ. ಸ್ಟಾಯ್ಕಿಯೊಮೆಟ್ರಿಯ (ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತು ಎಷ್ಟು ಬೇಕು, ಎಷ್ಟು ಸಿಗುತ್ತದೆ ಎಂಬ ಲೆಕ್ಕದ) ಕಿರುಪರೀಕ್ಷೆಯಲ್ಲಿ ಎರಡು ಬಾರಿ ಎಡವಿದ ಬಳಿಕ, ತನಗೆ ಗಣಿತವೇ ತಲೆಗೆ ಹತ್ತುವುದಿಲ್ಲವೆಂದು ತಾನೇ ತೀರ್ಮಾನಿಸಿಕೊಂಡು, ವಿಷಯವನ್ನು ಬಿಟ್ಟುಬಿಡಲು ನನ್ನ ಒಪ್ಪಿಗೆ ಕೇಳುವಂತೆ ಬಂದು ಕುಳಿತಿದ್ದಳು. ಧೈರ್ಯ ಹೇಳುವ ಮೊದಲು ನಾನು ಅವಳ ಲೆಕ್ಕದ ಪುಸ್ತಕ ಕೇಳಿದೆ.

10 ಗ್ರಾಂ ಹೈಡ್ರೋಜನ್ ಮತ್ತು 64 ಗ್ರಾಂ ಆಕ್ಸಿಜನ್ ಸೇರಿದರೆ ಎಷ್ಟು ನೀರಾಗುತ್ತದೆ ಎಂಬುದು ಪ್ರಶ್ನೆ. ಎರಡು ಅಣು ಹೈಡ್ರೋಜನ್‌ಗೆ ಒಂದು ಅಣು ಆಕ್ಸಿಜನ್ ಎಂದು ಸಮೀಕರಣವನ್ನು ಸರಿಯಾಗಿಯೇ ಸರಿದೂಗಿಸಿದ್ದಳು. ಆದರೆ 64ಕ್ಕಿಂತ 10 ಚಿಕ್ಕದೆಂಬ ಒಂದೇ ಕಾರಣಕ್ಕೆ ಹೈಡ್ರೋಜನ್ ಮೊದಲು ಮುಗಿಯುತ್ತದೆಂದು ಭಾವಿಸಿ, 5 ಮೋಲ್ (ಕಣಗಳನ್ನು ಎಣಿಸುವ ಏಕಮಾನ) ನೀರು, ಅಂದರೆ 90 ಗ್ರಾಂ ಎಂದು ಬರೆದಿದ್ದಳು.

"ಪಾತ್ರೆಗೆ ಒಟ್ಟು ಎಷ್ಟು ಗ್ರಾಂ ಹಾಕಿದೆಯಮ್ಮಾ?" ಎಂದೆ.

"74, ಸರ್" ಎಂದವಳು ತನ್ನ ಉತ್ತರದ ಕಡೆ ನೋಡಿ ಸುಮ್ಮನಾದಳು.

ಗುಣಾಕಾರ, ಭಾಗಾಕಾರಗಳಲ್ಲಿ ಒಂದೂ ತಪ್ಪಿರಲಿಲ್ಲವಾದ್ದರಿಂದ ಗಣಿತದ ಮೇಲಿನ ದೂರು ಅಲ್ಲಿಗೇ ಬಿದ್ದುಹೋಯಿತು. ಸಮೀಕರಣದ ಗುಣಾಂಕಗಳು, ಅಂದರೆ ಪ್ರತಿ ವಸ್ತುವಿನ ಮುಂದೆ ಬರೆಯುವ ಅಂಕಿಗಳು, ಹೇಳುವುದು ಕಣಗಳ ಎಣಿಕೆಯನ್ನು, ತೂಕವನ್ನಲ್ಲ. ಡಜನ್ ಎಂದರೆ 12 ಇದ್ದಂತೆ ಮೋಲ್ ಎಂದರೆ ಸುಮಾರು 6.022 × 10²³ ಕಣಗಳು, ಅಷ್ಟು ಅಣುಗಳು 2 ಗ್ರಾಂ ಹೈಡ್ರೋಜನ್‌ನಲ್ಲೂ ಇರುತ್ತವೆ, 32 ಗ್ರಾಂ ಆಕ್ಸಿಜನ್‌ನಲ್ಲೂ ಇರುತ್ತವೆ. ಹೀಗೆ ನೋಡಿದಾಗ ಹೈಡ್ರೋಜನ್ 5 ಮೋಲ್, ಅಷ್ಟು ಭಾರವೆನಿಸಿದ್ದ ಆಕ್ಸಿಜನ್ ಬರೀ 2 ಮೋಲ್. ಅದಕ್ಕೆ 4 ಮೋಲ್ ಹೈಡ್ರೋಜನ್ ಸಾಕು. ನೀರು 72 ಗ್ರಾಂ, ಉಳಿದ ಹೈಡ್ರೋಜನ್ 2 ಗ್ರಾಂ, ಒಟ್ಟು 74.

ದಿನಕ್ಕೆ ಮೂವತ್ತು ಲೆಕ್ಕ ಮಾಡಿಸುವ ಔಷಧದಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಅದು ಇದ್ದ ತಪ್ಪನ್ನೇ ಕೈಗೆ ರೂಢಿ ಮಾಡಿಸುತ್ತದೆ. ಎರಡು ವಾರ ದಿನಕ್ಕೆ ಐದೇ ಲೆಕ್ಕ ತೆಗೆದುಕೊಂಡು, ಕೊಟ್ಟ ಪ್ರತಿಯೊಂದು ತೂಕವನ್ನೂ ಮೋಲ್‌ಗೆ ತಂದು, ಅದನ್ನು ಆಯಾ ಗುಣಾಂಕದಿಂದ ಭಾಗಿಸಿ, ಯಾವುದು ಚಿಕ್ಕದೋ ಅದೇ ಮೊದಲು ಮುಗಿಯುವ ಕಾರಕವೆಂದು ಗುರುತಿಸಿ ಅಲ್ಲಿಗೇ ನಿಲ್ಲಿಸಬೇಕೆಂದು ಹೇಳಿದೆ. ಪ್ರತಿ ಅಂಕಿಯ ಪಕ್ಕದಲ್ಲಿ ಏಕಮಾನ ಬರೆಯಬೇಕು. ಪೂರ್ತಿ ಲೆಕ್ಕ ಮಾಡಿದ ದಿನ ಕೊನೆಗೆ ಒಟ್ಟು ತೂಕವನ್ನು ತಾಳೆ ನೋಡಬೇಕು.

ಮೂರನೆಯ ಭೇಟಿಗೆ ಆಕೆ ಪ್ರಯೋಗಾಲಯದ ಫಲಿತಾಂಶವೊಂದನ್ನು ತಂದಿದ್ದಳು. ಲೆಕ್ಕದ ಪ್ರಕಾರ 5 ಗ್ರಾಂ ಬರಬೇಕಿದ್ದ ಹರಳು 5.6 ಗ್ರಾಂ ತೂಗಿತ್ತು. ಲೆಕ್ಕವನ್ನು ಎರಡು ಸಲ ನೋಡಿದ್ದೇನೆ, ಹರಳೇ ಸರಿಯಾಗಿ ಒಣಗಿರಲಿಲ್ಲವೇನೋ ಎಂದಳು.